ಕೊನೆಯ ಬಿಟ್ಟಿ

ಬಿಟ್ಟಿ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಬೆವರಿನ ವಾಸನೆಯಿದೆ. ಸಂಸ್ಕೃತದ ವಿಷ್ಟಿ ಕನ್ನಡದ ಬಾಯಲ್ಲಿ ಬಿಟ್ಟಿಯಾಯಿತು. ಕೂಲಿ ಕೇಳದೆ, ಆಗುವುದಿಲ್ಲ ಅನ್ನದೆ, ಇನ್ನೊಬ್ಬರಿಗಾಗಿ ಮೈ ಮುರಿಯುವುದಕ್ಕೆ ಇಟ್ಟ ಹೆಸರು ಅದು. ಗೌಡನ ಕುದುರೆಗೆ ಹುಲ್ಲು ಹೊರುವುದು, ಊರಿಗೆ ಬಂದ ಅಧಿಕಾರಿಯ ಗಂಟನ್ನು ಮುಂದಿನ ಊರಿಗೆ ಮುಟ್ಟಿಸುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಹರಿದಾರಿಗಟ್ಟಲೆ ನಡೆಯುವುದು, ಇವೆಲ್ಲ ಬಿಟ್ಟಿ. 1948ರ ತನಕ ನಿಜಾಮನ ಆಳ್ವಿಕೆಯಲ್ಲಿದ್ದ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ಕೇರಿಗಳಿಗೆ ಈ ಮಾತಿನ ಅರ್ಥವನ್ನು ನಿಘಂಟು ನೋಡಿ ತಿಳಿಯಬೇಕಾದ ಕೆಲಸವಿರಲಿಲ್ಲ. ಬಾಬಾಸಾಹೇಬರು ಮುಂದೆ ನಿಂತು ಬರೆದ ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನು ನಿಷೇಧಿಸಿತು. 1976ರಲ್ಲಿ ಜೀತಪದ್ಧತಿ ರದ್ದು ಮಾಡುವ ಕಾಯ್ದೆಯೂ ಬಂತು.

ಈಗ ಇದೇ ಮಾತು ಹೇಗೆ ತಿರುಗಿದೆ ನೋಡಿ. 2023ರಲ್ಲಿ ಕರ್ನಾಟಕ ಸರಕಾರ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿ ಹಾಕುವುದಾಗಿ ಹೇಳಿದಾಗ ಉಳ್ಳವರ ಬಾಯಿಂದ ಹೊರಟ ಮಾತು 'ಬಿಟ್ಟಿ ಭಾಗ್ಯ'. ಬಿಟ್ಟಿ ದುಡಿದವಳೇ ಬಿಟ್ಟಿ ತಿನ್ನುವವಳಾದಳು! ಆ ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಹಾಗೆ ನಕ್ಕವರು ಅದೇ ಹೊತ್ತಿಗೆ ಯಾರು ಕಾಸಿದ ಚಹಾ ಕುಡಿಯುತ್ತಿದ್ದರು, ಅವರ ಕೂಸು ಯಾರ ಬಗಲಲ್ಲಿ ಇತ್ತು ಎಂದು ಯಾರೂ ಕೇಳಲಿಲ್ಲ. ಗೌಡನ ಬಿಟ್ಟಿ ಹೋಯಿತು, ಸರಕಾರದ ಬಿಟ್ಟಿ ಹೋಯಿತು, ಕಾಗದದ ಮೇಲಾದರೂ ಹೋಯಿತು. ಒಂದು ಬಿಟ್ಟಿ ಮಾತ್ರ ಹೋಗಲಿಲ್ಲ. ಅದಕ್ಕೆ ಇನ್ನೊಂದು ಹೆಸರು ಇಟ್ಟುಬಿಟ್ಟಿದ್ದೇವೆ. ಆ ಹೆಸರು ತಾಯ್ತನ.

ಗೆಳೆಯರೆ, ಈ ಪ್ರಶ್ನೆಯನ್ನು ವಾರಪತ್ರಿಕೆಯ ಮಹಿಳಾ ಪುಟಕ್ಕೆ ತಳ್ಳಿ ಕೈತೊಳೆದುಕೊಳ್ಳುವುದು ಸುಲಭ. ಅಲ್ಲಿ 'ಉದ್ಯೋಗಸ್ಥ ತಾಯಿ' ಎಂಬ ಹೊಸ ಪಾತ್ರವೊಂದಿದೆ. ಆಕೆ ಬೆಳಿಗ್ಗೆ ಬೇಗ ಏಳಬೇಕು, ಪಟ್ಟಿ ಬರೆದಿಟ್ಟುಕೊಳ್ಳಬೇಕು, ನಗುನಗುತ್ತ ಮನೆಯನ್ನೂ ಕಚೇರಿಯನ್ನೂ ತೂಗಿಸಬೇಕು ಎಂದು ಆಕೆಗೆ ಬುದ್ಧಿ ಹೇಳುತ್ತಾರೆ. ದುಡಿಯಲು ಹೋಗುವ ತಾಯಿ ಮೊನ್ನೆ ಮೊನ್ನೆ ಹುಟ್ಟಿದವಳೇನು? ನಮ್ಮ ಕೇರಿಗಳಲ್ಲಿ ದುಡಿಯಲು ಹೋಗದ ತಾಯಿ ಯಾವ ಕಾಲಕ್ಕೆ ಇದ್ದಳು? ನಮ್ಮ ಅವ್ವಂದಿರು, ಅವರ ಅವ್ವಂದಿರು, ಹೆತ್ತ ಹದಿನೈದು ದಿನಕ್ಕೆ ಕುರ್ಚಿಗಿ ಹಿಡಿದು ಹೊಲಕ್ಕೆ ಇಳಿದವರು. ಮೇಲ್ಜಾತಿಯ ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಕಚೇರಿಗೆ ನಡೆದ ಮೇಲಷ್ಟೆ ಇದು 'ಸಮಸ್ಯೆ' ಎನಿಸಿಕೊಂಡಿತು. ಅದಕ್ಕೆ ಮುಂಚೆ ಇದು ಕೇರಿಯ ಹಣೆಬರಹವಾಗಿತ್ತು. ಹಾಗೆಂದು ಕಚೇರಿಗೆ ಹೋಗುವ ತಂಗಿಯ ದಣಿವು ಸುಳ್ಳಲ್ಲ. ಅವಳ ಮತ್ತು ಇವಳ ನಡುವೆ ಒಂದು ಸರಪಳಿ ಇದೆ, ಅದನ್ನು ಮುಂದೆ ನೋಡೋಣ.

ಪ್ರಶ್ನೆ ಇಷ್ಟೆ: ತಾಯಿ ದುಡಿಯಲು ಹೋದಾಗ ಆ ಕೂಸು ಯಾರ ಲೆಕ್ಕಕ್ಕೆ? ಇದು ನ್ಯಾಯ ಅನ್ಯಾಯದ ಪ್ರಶ್ನೆ.

*

ಕುಕನೂರಿನ ಹತ್ತಿರದ ಇಟಗಿಗೆ ದೂರದೂರದಿಂದ ಜನ ಗುಡಿ ನೋಡಲು ಬರುತ್ತಾರೆ. ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಅದು. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಬಳಪದ ಕಲ್ಲಿನ ಕಂಬಗಳು ಬೆಣ್ಣೆ ತೀಡಿದ ಹಾಗೆ ನುಣುಪಾಗಿವೆ. ಆ ದಂಡನಾಯಕ ತನ್ನ ಹೆತ್ತವರ ಹೆಸರನ್ನೂ ಮರೆಯಲಿಲ್ಲ. ತಂದೆಗೆ ಮೂರ್ತಿನಾರಾಯಣನ ಗುಡಿ, ತಾಯಿಗೆ ಚಂದ್ರಲೇಶ್ವರಿಯ ಗುಡಿ. ಒಂಬೈನೂರು ವರ್ಷಗಳ ಹಿಂದೆ ಒಬ್ಬ ಮಗ ತನ್ನ ತಾಯಿಗೆ ಕಲ್ಲಿನಲ್ಲಿ ಋಣ ತೀರಿಸಿದ. ಅದನ್ನು ಹೀಗಳೆಯಬೇಕಿಲ್ಲ.

ಆದರೆ ಆ ಕಲ್ಲು ತಾನಾಗಿ ಬರಲಿಲ್ಲ. ಮಣ್ಣು ಅಗೆದವರು, ನೀರು ಹೊತ್ತವರು, ಕಲ್ಲುಕುಟಿಗರಿಗೆ ಅಂಬಲಿ ಕಾಸಿದವರು ಇದ್ದೇ ಇದ್ದರು. ಅವರಲ್ಲಿ ಹೆಂಗಸರು ಇರಲಿಲ್ಲವೆ? ಆ ಹೆಂಗಸರಿಗೆ ಮೊಲೆಗೂಸುಗಳು ಇರಲಿಲ್ಲವೆ? ಬುಟ್ಟಿ ಹೊತ್ತಾಗ ಆ ಕೂಸುಗಳನ್ನು ಅವರು ಎಲ್ಲಿ ಮಲಗಿಸಿದರು? ಶಾಸನ ಕೊಟ್ಟವನ ಹೆಸರು ಬರೆಯುತ್ತದೆ, ಹೊತ್ತವಳ ಹೆಸರು ಬರೆಯುವುದಿಲ್ಲ. ಒಬ್ಬ ತಾಯಿ ಗುಡಿಯಾದಳು. ಉಳಿದ ತಾಯಂದಿರು ಅದರ ಬುನಾದಿಗೆ ಮಣ್ಣು ಹೊತ್ತರು.

ಇವತ್ತಿಗೂ ನಮ್ಮ ಸಮಾಜಕ್ಕೆ ತಾಯಿಯ ಬಗ್ಗೆ ಬರುವುದು ಇವೆರಡೇ ವಿದ್ಯೆ. ಒಂದು, ಗುಡಿ ಕಟ್ಟುವುದು. ಇನ್ನೊಂದು, ಬುಟ್ಟಿ ಹೊರಿಸುವುದು. ವೇದಿಕೆ ಹತ್ತಿದವನು ತಾಯಿ ದೇವರು ಎಂದು ಕಣ್ಣೀರು ಹಾಕುತ್ತಾನೆ. ದೇವರಿಗೆ ನಿದ್ದೆ ಬೇಕಿಲ್ಲ, ದೇವರು ಕೂಲಿ ಕೇಳುವುದಿಲ್ಲ, ದೇವರಿಗೆ ಸೊಂಟ ನೋಯುವುದಿಲ್ಲ. ಮನುಷ್ಯಳನ್ನು ದೇವರು ಎಂದು ಕರೆದರೆ ಅವಳಿಗೆ ಕೊಡಬೇಕಾದ್ದನ್ನು ಕೊಡದೆ ತಪ್ಪಿಸಿಕೊಳ್ಳಬಹುದು. ಹೊಗಳಿಕೆಯಷ್ಟು ಅಗ್ಗದ ಕೂಲಿ ಇನ್ನೊಂದಿಲ್ಲ.

*

ಇಟಗಿಯ ಸುತ್ತಿನ ಎರೆಹೊಲಗಳಲ್ಲಿ, ಯಲಬುರ್ಗಾ ಕುಷ್ಟಗಿಯ ಮಳೆ ನಂಬಿದ ನೆಲದಲ್ಲಿ ಕೂಲಿಯ ತಾಯಿಯ ಒಂದು ದಿನ ಹೇಗಿರುತ್ತದೆಂದು ಹೊಸದಾಗಿ ಹೇಳಬೇಕೆ? ಕೋಳಿ ಕೂಗುವ ಮುಂಚೆ ಎದ್ದು ನೀರಿಗೆ ನಿಲ್ಲಬೇಕು. ರೊಟ್ಟಿ ಬಡಿಯಬೇಕು. ಗಂಡನ ಬುತ್ತಿ, ತನ್ನ ಬುತ್ತಿ, ಸಾಲಿಗೆ ಹೋಗುವವರಿಗೆ ಮುಂಜಾನೆಯ ತುತ್ತು. ಹೊತ್ತು ಏರುವಷ್ಟರಲ್ಲಿ ಹೊಲದಲ್ಲಿ ಇರಬೇಕು. ಕಸ ತೆಗೆಯುವುದೋ, ಶೇಂಗಾ ಹರಿಯುವುದೋ, ಹತ್ತಿ ಬಿಡಿಸುವುದೋ, ಉಳ್ಳಾಗಡ್ಡಿ ಕೊಯ್ಯುವುದೋ. ಕೂಸನ್ನು ಬದುವಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದರೆ ಇರುವೆ, ಹಾವು, ಬಿಸಿಲಿನ ಅಂಜಿಕೆ. ಎದ್ದು ಹೋಗಿ ಹಾಲು ಕುಡಿಸಿದರೆ 'ಎಷ್ಟ ಸರತಿ ಏಳತೀಯಬೇ, ಕೂಲಿ ಯಾರಪ್ಪಂದು' ಎಂಬ ಮಾತು. ಮನೆಯಲ್ಲಿ ಬಿಟ್ಟು ಬಂದರೆ 'ಹೆಂಥಾ ತಾಯೀ ಇಕಿ, ಕೂಸ ಬಿಟ್ಟ ಬಂದಾಳ' ಎಂಬ ಮಾತು. ಎರಡೂ ಮಾತು ಒಂದೇ ಬಾಯಿಂದ ಬರುತ್ತವೆ.

ಸಂಜೆ ಮರಳಿದಾಗ ಗಂಡ ಕಟ್ಟೆಯ ಮೇಲೆ ಕೂಡುತ್ತಾನೆ. ಅವನೂ ದಣಿದಿರುತ್ತಾನೆ, ನಿಜ. ಆದರೆ ಅವನ ದಣಿವಿಗೆ ಕಟ್ಟೆ ಇದೆ, ಅವಳ ದಣಿವಿಗೆ ಒಲೆ ಇದೆ. ಕೇಂದ್ರ ಸರಕಾರವೇ 2019ರಲ್ಲಿ ಜನ ತಮ್ಮ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದ ಮನೆಮನೆಯಲ್ಲಿ ಕೇಳಿಸಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಇದರಲ್ಲಿಯೂ ಒಂದು ಮರ್ಮವಿದೆ. ಆ 97 ನಿಮಿಷ ಎಲ್ಲ ಗಂಡಸರದಲ್ಲ, ಕೈ ಹಚ್ಚಿದವರದು ಮಾತ್ರ. ಕೈ ಹಚ್ಚಿದ ಗಂಡಸರು ನೂರಕ್ಕೆ 26, ಹೆಂಗಸರು ನೂರಕ್ಕೆ 81. ಐದು ತಾಸಿನ ಈ ದುಡಿಮೆಗೆ ದೇಶದ ಆದಾಯದ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ. ಅದೇ ಕೆಲಸವನ್ನು ಕೂಲಿಗೆ ಬಂದವಳು ಮಾಡಿದರೆ ಲೆಕ್ಕಕ್ಕೆ ಬರುತ್ತದೆ, ಮನೆಯವಳು ಮಾಡಿದರೆ ಗಾಳಿಗೆ ಹೋಗುತ್ತದೆ.

ಈ ಜಿಲ್ಲೆಯ ಬೀಜದ ಹೊಲಗಳ ಮಾತನ್ನು ಇಲ್ಲಿ ಹೇಳಲೇಬೇಕು. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿ ಹುಟ್ಟಿತು, ಮುಂದೆ ಜಯಲಕ್ಷ್ಮಿ ಬಂತು. ಸಂಕರ ಬೀಜ ಯಂತ್ರದಲ್ಲಿ ಆಗುವುದಿಲ್ಲ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಿ, ಉಗುರಿನಿಂದ ಅದರ ದಳ, ಕೇಸರ ಕಿತ್ತು ಬಿಡಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂವು ತಂದು ಅದರ ಪರಾಗವನ್ನು ಒಂದೊಂದು ಹೆಣ್ಣು ಹೂವಿಗೂ ತೀಡಬೇಕು. ಹೂವಿಗೆ ರವಿವಾರ ಇಲ್ಲ, ಹಬ್ಬ ಇಲ್ಲ, ಕೂಸಿನ ಜ್ವರವೂ ಗೊತ್ತಿಲ್ಲ. ಒಂದು ದಿನ ತಪ್ಪಿದರೆ ಆ ದಿನದ ಹೂವು ಹಾಳು. ಸಂಜೆ ಅಡಿಗೆಯ ಹೊತ್ತಿನಲ್ಲೂ ಮುಂಜಾನೆ ಮಕ್ಕಳ ಹೊತ್ತಿನಲ್ಲೂ ತಾಯಿ ಹೊಲದಲ್ಲಿ ಇರಬೇಕಾದ ಕೆಲಸ ಇದು. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಯಾವ ಬೀಜವೇ ಇರಲಿ, ಈ ದುಡಿಮೆ ಹೆಚ್ಚಾಗಿ ಹೆಂಗಸರ ಬೆರಳಿನದು. ಉತ್ತರ ಕರ್ನಾಟಕದ ಇಂಥ ಹೊಲಗಳಲ್ಲಿ ಸಣ್ಣ ಬೆರಳು ಚಲೋ ಎಂದು ಸಾಲಿಯ ಹೆಣ್ಣುಮಕ್ಕಳನ್ನೂ ನಿಲ್ಲಿಸಿದ್ದುಂಟು. ಬೀಜಕ್ಕೆ ಲಕ್ಷ್ಮಿಯ ಹೆಸರು, ಬೀಜ ಕಟ್ಟಿದವಳಿಗೆ ಹೆಸರೇ ಇಲ್ಲ. ಸಾವಿರ ಹೂವಿಗೆ ಹೊತ್ತು ಹೊತ್ತಿಗೆ ಆರೈಕೆ ಮಾಡುವ ಕೈಗಳಿಗೆ ತನ್ನ ಕೂಸಿನ ಆರೈಕೆಗೆ ಹೊತ್ತಿಲ್ಲ. ಹೂವಿನ ಹೊತ್ತನ್ನು ಕಾಯುವುದಕ್ಕೆ ಒಂದು ವ್ಯವಸ್ಥೆಯೇ ಇದೆ, ಮುಂಗಡ ಇದೆ, ಮೇಸ್ತ್ರಿ ಇದ್ದಾನೆ, ಕಂಪನಿ ಇದೆ. ಕೂಸಿನ ಹೊತ್ತನ್ನು ಕಾಯುವುದಕ್ಕೆ ಯಾರಿದ್ದಾರೆ?

*

ಯಾರೂ ಇಲ್ಲ ಅನ್ನುವಂತಿಲ್ಲ. ಒಬ್ಬಳು ಇದ್ದಾಳೆ. ಎಂಟು ವರ್ಷದ ಅಕ್ಕ.

ಸರಪಳಿ ಎಂದೆನಲ್ಲ, ಅದು ಹೀಗಿದೆ. ಪಟ್ಟಣದ ಕಚೇರಿಯ ಹೆಣ್ಣುಮಗಳು ಕೆಲಸಕ್ಕೆ ಹೋಗಬೇಕಾದರೆ ಮನೆಗೆಲಸಕ್ಕೆ ಒಬ್ಬಳು ಬರಬೇಕು. ಆ ಮನೆಗೆಲಸದವಳು ಬರಬೇಕಾದರೆ ಅವಳ ಮನೆಯಲ್ಲಿ ಅವಳ ಮಗಳು ಸಾಲಿ ಬಿಡಬೇಕು. ಹೊಲದ ಕೂಲಿಯವಳದೂ ಇದೇ ಕಥೆ. ಮುಂಗಾರಿನಲ್ಲಿ ಕಸ ತೆಗೆಯುವ ಕೆಲಸ ಶುರುವಾದ ಕೂಡಲೇ ಸಾಲಿಯ ಹಾಜರಿ ಪುಸ್ತಕದಲ್ಲಿ ಯಾರ ಹೆಸರು ಇಳಿಯುತ್ತದೆ ಎಂದು ಯಾವ ಮಾಸ್ತರರನ್ನಾದರೂ ಕೇಳಿ. ಗುಳೆ ಹೋದರೆ ಇನ್ನೂ ಕಷ್ಟ. ಬೆಂಗಳೂರಿನ, ಗೋವೆಯ ಕಟ್ಟಡದ ಬುಡದಲ್ಲಿ ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುತ್ತ ಕೂತವಳು ಅವಳೇ. ಕಾನೂನಿನಲ್ಲಿ ಅವಳು ಬಾಲಕಾರ್ಮಿಕಳಲ್ಲ, ಯಾಕೆಂದರೆ ಯಾರೂ ಅವಳಿಗೆ ಕೂಲಿ ಕೊಡುವುದಿಲ್ಲ. ಎಷ್ಟು ಚಂದದ ನ್ಯಾಯ! ಕೂಲಿ ಕೊಟ್ಟರೆ ಅಪರಾಧ, ಬಿಟ್ಟಿ ಮಾಡಿಸಿದರೆ ಸಂಸ್ಕಾರ.

ಈ ಸರಪಳಿಯಲ್ಲಿ ಪ್ರತಿಯೊಬ್ಬ ಹೆಣ್ಣೂ ತನ್ನ ಭಾರವನ್ನು ತನಗಿಂತ ಕೆಳಗಿನ ಹೆಣ್ಣಿನ ಹೆಗಲಿಗೆ ದಾಟಿಸುತ್ತಾಳೆ. ದಾಟಿಸದೆ ಅವಳಿಗೆ ಗತಿಯಿಲ್ಲ. ಜಾತಿಯ ಏಣಿಯ ಹಾಗೆಯೇ ಇದೂ ಒಂದು ಏಣಿ, ತುಳಿಸಿಕೊಂಡವಳ ಕೆಳಗೆ ಇನ್ನೊಬ್ಬಳು. ಏಣಿಯ ಕಟ್ಟಕಡೆಯ ಮೆಟ್ಟಿಲಲ್ಲಿ ಕೇರಿಯ ಎಂಟು ವರ್ಷದ ಹುಡುಗಿ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಾಳೆ. ಏಣಿಯ ಯಾವ ಮೆಟ್ಟಿಲಲ್ಲೂ ಗಂಡಸು ಕಾಣುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅವನು ಏಣಿ ಒರಗಿಸಿದ ಗೋಡೆ.

ಹಾಗಾಗಿ ಕೆಲಸಕ್ಕೆ ಹೋಗುವ ತಾಯಿಗೆ ಅಳುಕು ಹುಟ್ಟಿಸುವವರನ್ನು ನಂಬಬೇಡಿ. 'ನನ್ನಿಂದ ಮಕ್ಕಳಿಗೆ ಅನ್ಯಾಯ ಆಗಲಿಕ್ಕೆ ಹತ್ಯದ' ಎಂದು ಕಚೇರಿಯವಳೂ ಕೂಲಿಯವಳೂ ಒಳಗೊಳಗೆ ಬೇಯುತ್ತಾರೆ. ಆ ಅಳುಕು ಅವಳದಲ್ಲ. ಅದು ಇನ್ನೊಬ್ಬರ ಸಾಲದ ಬಾಕಿ. ಅವಳು ಬೆಳೆದ ಜೋಳ ತಿಂದವನು, ಅವಳು ಕಟ್ಟಿದ ಬೀಜ ಮಾರಿದವನು, ಅವಳು ಗುಡಿಸಿದ ಬೀದಿಯಲ್ಲಿ ನಡೆದವನು, ಅವಳ ಕೂಸನ್ನು ನಾಳೆ ಆಳಾಗಿ ದುಡಿಸಿಕೊಳ್ಳುವವನು, ಇವರೆಲ್ಲರೂ ಆ ಕೂಸಿನ ಸಾಲಗಾರರು. ಸಾಲಗಾರರು ಆರಾಮಾಗಿ ಮಲಗಿದ್ದಾರೆ, ಸಾಲ ಕೊಟ್ಟವಳಿಗೆ ನಿದ್ದೆ ಇಲ್ಲ.

*

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. 'ತಾಯಿಯ ಪ್ರೀತಿಗೂ ಕೂಲಿ ಕೇಳುತ್ತೀರಾ? ಮಗುವಿಗೆ ಹಾಲು ಕುಡಿಸುವುದನ್ನು ಬಿಟ್ಟಿ ಅನ್ನುತ್ತೀರಾ? ಎಲ್ಲವನ್ನೂ ರೂಪಾಯಿಯಲ್ಲಿ ಅಳೆದರೆ ಮನುಷ್ಯ ಸಂಬಂಧ ಉಳಿಯುತ್ತದೆಯೇ?'

ಪ್ರೀತಿಗೆ ಯಾರೂ ಕೂಲಿ ಕೇಳುತ್ತಿಲ್ಲ. ಮಮತೆ ಒಂದು, ಹೊತ್ತು ಇನ್ನೊಂದು. ಮಮತೆಯನ್ನು ಅಳೆಯಲಾಗದು, ಹೊತ್ತನ್ನು ಅಳೆಯಬಹುದು. ಕೂಸಿನ ಮೇಲಿನ ಆಸೆಯಿಂದ ತಾಯಿ ಎಚ್ಚರ ಕೂಡುತ್ತಾಳೆ, ಸರಿ. ಆದರೆ ಎಚ್ಚರ ಕೂತ ರಾತ್ರಿಯ ಮರುದಿನ ಅವಳೇ ಹೊಲಕ್ಕೂ ಹೋಗಬೇಕೆಂಬುದು ಮಮತೆಯ ನಿಯಮವೇನು? ಕೂಸು ಅತ್ತಾಗ ಅವಳ ಎದೆ ತಂತಾನೆ ಒದ್ದೆಯಾಗುತ್ತದೆ, ಅದು ಪ್ರಕೃತಿ. ಆದರೆ ಕೂಸಿನ ಬಟ್ಟೆ ಒಗೆಯುವುದು, ಅಂಬಲಿ ಕಾಸುವುದು, ಜ್ವರ ಬಂದಾಗ ದವಾಖಾನೆಯ ಸಾಲಿನಲ್ಲಿ ನಿಲ್ಲುವುದು, ಇವಕ್ಕೆ ಎದೆಹಾಲು ಬೇಕೆ? ಎರಡು ಕೈ ಸಾಕು. ಕೈ ಗಂಡಸಿಗೂ ಇವೆ. ಪ್ರಕೃತಿ ಒಂದು ಮುಷ್ಟಿ ಕೆಲಸವನ್ನು ಹೆಣ್ಣಿಗೆ ಕೊಟ್ಟಿತು. ಉಳಿದ ಗೋಣಿಚೀಲದಷ್ಟು ಕೆಲಸವನ್ನು ಪ್ರಕೃತಿಯ ಹೆಸರು ಹೇಳಿ ಹೊರಿಸಿದವರು ನಾವು. ಜಾತಿಯ ಕೆಲಸಗಳನ್ನೂ ಹೀಗೆಯೇ ಅಲ್ಲವೆ ಹೊರಿಸಿದ್ದು? ಹುಟ್ಟಿನಿಂದ ಬಂದದ್ದು, ಅದು ನಿನ್ನ ಧರ್ಮ, ಪ್ರೀತಿಯಿಂದ ಮಾಡು ಎಂದೇ ಅಲ್ಲವೆ ಹೇಳಿದ್ದು? ಆ ಮಾತಿನ ಮೋಸವನ್ನು ಕಂಡ ನಾವು ಈ ಮಾತಿನ ಮೋಸವನ್ನು ಕಾಣದಿದ್ದರೆ ಹೇಗೆ?

1982ರ ಏಷ್ಯಾಡ್ ಕ್ರೀಡೆಗೆ ದಿಲ್ಲಿಯಲ್ಲಿ ಕಟ್ಟಡ ಕಟ್ಟಿದ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷ ಒಂದು ದೊಡ್ಡ ಮಾತು ಹೇಳಿತು. ಬೆನ್ನಿಗೆ ಬಡಿಗೆ ಹಿಡಿದು ನಿಂತರಷ್ಟೆ ಬಲವಂತವಲ್ಲ, ಹಸಿವೆಯ ಒತ್ತಾಯದಿಂದ, ಬೇರೆ ದಾರಿಯಿಲ್ಲದೆ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಎಂಬುದು ಆ ತೀರ್ಪಿನ ಸಾರ. ಈ ಬೆಳಕನ್ನು ಮನೆಯೊಳಕ್ಕೆ ಒಯ್ಯೋಣ. ಕೂಸನ್ನು ಬಿಟ್ಟು ಹೋದರೆ ಕೂಸಿಗೆ ಅಪಾಯ, ಹೋಗದಿದ್ದರೆ ಒಲೆಗೆ ಬೆಂಕಿಯಿಲ್ಲ ಎಂಬ ಇಕ್ಕಟ್ಟಿನಲ್ಲಿ ಒಬ್ಬಳು ಎರಡು ಆಳಿನ ಕೆಲಸ ಮಾಡಿ ಒಂದು ಆಳಿನ ಕೂಲಿ ತರುತ್ತಾಳೆ. ಅದೂ ಗಂಡಾಳಿಗಿಂತ ಕಡಿಮೆ ಕೂಲಿ, ಸಮಾನ ವೇತನದ ಕಾಯ್ದೆ 1976ರಲ್ಲಿಯೇ ಬಂದಿದ್ದರೂ. ಅವಳು ಇದನ್ನು ತಾನಾಗಿ ಒಪ್ಪಿದಳು ಎನ್ನುವುದು ಯಾವ ಬಾಯಿಯಿಂದ? ಪ್ರೀತಿ ಇದ್ದಲ್ಲಿ ಬಲವಂತ ಇರುವುದಿಲ್ಲ ಎಂಬುದು ಸುಳ್ಳು. ಪ್ರೀತಿಯನ್ನೇ ಹಗ್ಗ ಮಾಡಿ ಕಟ್ಟಬಹುದು.

*

ತಾಯಿಯ ವಿಶ್ರಾಂತಿಯ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ಬಾಬಾಸಾಹೇಬರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಎತ್ತಿದ್ದರು. ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆಯನ್ನು ಬೆಂಬಲಿಸಿ ಅವರು ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ನಾಡಿನ ಹಿತ, ಆದ್ದರಿಂದ ಅದರ ಭಾರದ ಬಹುಪಾಲು ಸರಕಾರದ ಮೇಲಿರಬೇಕು, ಅವಳ ದುಡಿಮೆಯಿಂದ ಲಾಭ ಪಡೆದ ಮಾಲೀಕನೂ ಪಾಲು ಹೊರಬೇಕು ಎಂಬುದು ಅವರ ವಾದ. ಅವರು ತಾಯಿಯನ್ನು ದೇವರು ಮಾಡಲಿಲ್ಲ, ಹಕ್ಕುದಾರಳನ್ನು ಮಾಡಿದರು.

ಆಮೇಲೆ ಬಂದ ಕಾನೂನುಗಳು ಯಾರ ಮನೆಯ ತನಕ ಬಂದವು? 1961ರ ಹೆರಿಗೆ ಸೌಲಭ್ಯದ ಕಾಯ್ದೆ ಕಾರ್ಖಾನೆ, ಗಣಿ, ತೋಟ, ಅಂಗಡಿಗಳ ತನಕ ಬಂತು. 2017ರ ತಿದ್ದುಪಡಿಯಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಮಂದಿ ದುಡಿಯುವ ಕಡೆ ಶಿಶುಮಂದಿರ ಇರಬೇಕೆಂದು ಬರೆದರು. ಒಳ್ಳೆಯದೇ. ಆದರೆ ಇಟಗಿಯ ಹೊಲಕ್ಕೆ ಹಾಜರಿ ಪುಸ್ತಕ ಎಲ್ಲಿದೆ? ಇಂದು ಒಬ್ಬನ ಹೊಲ, ನಾಳೆ ಇನ್ನೊಬ್ಬನ ಹೊಲ. ಅವಳ ಮಾಲೀಕ ಯಾರು? ಎಲ್ಲರೂ ಮಾಲೀಕರು, ಯಾರೂ ಮಾಲೀಕರಲ್ಲ. ಅದೇ 2017ರಲ್ಲಿ ಇಂಥ ತಾಯಂದಿರಿಗೆ ಕೇಂದ್ರ ಸರಕಾರ ಮೊದಲ ಹೆರಿಗೆಗೆ 5,000 ರೂಪಾಯಿ ಗೊತ್ತು ಮಾಡಿತು, ಅದೂ ಕಂತಿನಲ್ಲಿ. ಒಬ್ಬಳಿಗೆ ಆರು ತಿಂಗಳ ಪೂರಾ ಸಂಬಳ, ಇನ್ನೊಬ್ಬಳಿಗೆ ಕಂತಿನ ಕಾಸು. ಇಬ್ಬರ ಹೊಟ್ಟೆಯಲ್ಲೂ ಕೂಸು ಒಂಬತ್ತೇ ತಿಂಗಳು ಇತ್ತು.

ಅಂಗನವಾಡಿಯನ್ನು ನಾನು ಹಗುರಾಗಿ ಕಾಣುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆ ಯೋಜನೆ ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಕೇರಿಯ ಮಕ್ಕಳ ಹೊಟ್ಟೆಗೆ ಹಿಡಿ ಅನ್ನ, ಬಾಯಿಗೆ ನಾಲ್ಕಕ್ಷರ ಬಂದದ್ದು ಅದರಿಂದ. ಹಾಗೆಯೇ 2002ರಲ್ಲಿ ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾದದ್ದು ಕೊಪ್ಪಳವೂ ಸೇರಿದ ಈ ಕಡೆಯ ಜಿಲ್ಲೆಗಳಲ್ಲಿ. ಆ ಒಂದು ಹಂಡೆ ತಾಯಂದಿರ ನಡುಹಗಲಿನ ಚಿಂತೆಯನ್ನು ಇಳಿಸಿದಷ್ಟು ಯಾವ ಭಾಷಣವೂ ಇಳಿಸಲಿಲ್ಲ. ಆದರೂ ಅಂಗನವಾಡಿ ಕೂಡಿಸಿಕೊಳ್ಳುವುದು ಮೂರು ತುಂಬಿದವರನ್ನು, ಅದೂ ಹೊತ್ತೇರಿದ ಮೇಲೆ. ತಾಯಿ ಹೊಲಕ್ಕೆ ಹೋಗುವುದು ಅದಕ್ಕೂ ಮುಂಚೆ. ಮೂರರ ಒಳಗಿನ ಕೂಸು ಮತ್ತೆ ಅಕ್ಕನ ಬಗಲಿಗೆ. 2017ರಲ್ಲಿ ರಾಜ್ಯ ಸರಕಾರ ಬಸುರಿ ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನ ಬಿಸಿ ಊಟ ಮಾಡಲಿ ಎಂದಾಗಲೂ ಇದೇ ಆಯಿತು. ಆಸೆ ಒಳ್ಳೆಯದು. ಆದರೆ ನಡುಹಗಲಿನಲ್ಲಿ ಹೊಲ ಬಿಟ್ಟು ಊರಿಗೆ ಬಂದು ಉಂಡು ಹೋಗುವ ಕೂಲಿಯವಳು ಯಾರು? ಯೋಜನೆ ಬರೆದವನ ಕಣ್ಣೆದುರು ಇದ್ದ ತಾಯಿ ಮನೆಯಲ್ಲಿ ಕೂತ ತಾಯಿ.

ಆ ಅಂಗನವಾಡಿಯಲ್ಲಿ ಊರ ಮಕ್ಕಳನ್ನು ನೋಡಿಕೊಳ್ಳುವವಳೂ ಒಬ್ಬ ದುಡಿಯುವ ತಾಯಿ. ಅವಳಿಗೆ ಸಂಬಳ ಕೊಡುವುದಿಲ್ಲ, ಗೌರವಧನ ಕೊಡುತ್ತಾರೆ. 2006ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲ ಎಂದಿತು. ಅವರಿಗೂ ಗ್ರಾಚ್ಯುಯಿಟಿಯ ಹಕ್ಕಿದೆ ಎಂದು ಅದೇ ಕೋರ್ಟು ಹೇಳಬೇಕಾದರೆ 2022 ಬರಬೇಕಾಯಿತು. ಕೂಸು ನೋಡುವ ಕೆಲಸ ಮನೆಯೊಳಗೆ ಮಮತೆ, ಮನೆಯ ಹೊರಗೆ ಸೇವೆ. ಎಲ್ಲಿಯೂ ಕೆಲಸವಲ್ಲ. ಗೌರವ ಕೊಟ್ಟು ಧನ ಉಳಿಸುವುದು ಹಳೆಯ ಉಪಾಯ.

2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಒಂದು ಒಳ್ಳೆಯ ಸಾಲಿತ್ತು. ಕೆಲಸದ ಜಾಗಕ್ಕೆ ತಾಯಂದಿರೊಡನೆ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಬಂದರೆ, ಕೂಲಿಯವರಲ್ಲೇ ಒಬ್ಬಳನ್ನು ಮಕ್ಕಳನ್ನು ನೋಡಲು ನೇಮಿಸಬೇಕು, ಮಣ್ಣು ಹೊತ್ತವಳಷ್ಟೇ ಕೂಲಿ ಅವಳಿಗೂ ಕೊಡಬೇಕು ಎಂದು. ಮಣ್ಣಿನ ಬುಟ್ಟಿಯ ತೂಕವೂ ಕೂಸಿನ ತೂಕವೂ ಒಂದೇ ಎಂದು ಕಾನೂನು ಒಪ್ಪಿದ ಅಪರೂಪದ ಸಾಲು ಅದು. 2023ರಲ್ಲಿ ಕರ್ನಾಟಕ ಸರಕಾರ ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿದ್ದು ಅದೇ ದಾರಿಯ ಮುಂದಿನ ಹೆಜ್ಜೆ. ಮೂರು ವರ್ಷದೊಳಗಿನ ಮಕ್ಕಳಿಗೆ ನೆರಳು, ಕೂಲಿಕಾರ ಹೆಂಗಸರಿಂದಲೇ ಆರಿಸಿ ಕಲಿಸಿದ ಆರೈಕೆದಾರರು. ಇದನ್ನು ಸ್ವಾಗತಿಸಬೇಕು. ಸ್ವಾಗತಿಸಿ ಸುಮ್ಮನಾಗಬಾರದು. ಬಾಗಿಲು ಹೊಲದ ಹೊತ್ತಿಗೆ ತೆರೆಯುತ್ತದೆಯೇ? ಆರೈಕೆದಾರಳ ಕೂಲಿ ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಇನ್ನೂ ಒಂದು. ಕೇರಿಯ ಹೆಂಗಸಿನ ಮಡಿಲಲ್ಲಿ ಊರೊಳಗಿನ ಕೂಸು ಮಲಗುತ್ತದೆಯೇ? ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳನ್ನು ಸಾಲಿಯ ಊಟಕ್ಕೆ ಕೂಡಗೊಡದ ಊರುಗಳು ಈ ರಾಜ್ಯದಲ್ಲಿವೆ.

*

ಕೇರಿಯ ತಾಯಿಗೆ ಇನ್ನೊಂದು ದುಡಿಮೆ ಇದೆ, ಅದನ್ನು ಯಾವ ಸಮೀಕ್ಷೆಯೂ ಅಳೆದಿಲ್ಲ. ಕೂಸಿನ ಕಾಲು ಎಲ್ಲಿ ಹೋಗುತ್ತದೆ ಎಂದು ಕಾಯುವ ದುಡಿಮೆ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸೊಂದು ತನ್ನ ಹುಟ್ಟಿದ ದಿನ ಹನುಮಂತನ ಗುಡಿಯೊಳಕ್ಕೆ ಓಡಿಹೋಯಿತು. ಹೊರಗೆ ನಿಂತು ಕೈ ಮುಗಿಯಲು ಬಂದಿದ್ದವರ ಕೈಯಿಂದ ತಪ್ಪಿಸಿಕೊಂಡು ಹೋಯಿತು. ಊರ ಹಿರಿಯರು ಗುಡಿ ಮೈಲಿಗೆಯಾಯಿತೆಂದು ದಂಡ ಹಾಕಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಬಂದರು, ಕೆಲವರ ಬಂಧನವಾಯಿತು. ಅದು ಕಾನೂನಿನ ಮಾತಾಯಿತು.

ತಾಯಂದಿರ ಮಾತು ಬೇರೆ. ಎರಡು ವರ್ಷದ ಕೂಸಿನ ಧರ್ಮ ಓಡುವುದು. ಲೋಕದ ಎಲ್ಲ ತಾಯಂದಿರೂ ಕೂಸು ಬೀಳದಿರಲಿ, ಬೆಂಕಿ ಮುಟ್ಟದಿರಲಿ ಎಂದು ಕಾಯುತ್ತಾರೆ. ಕೇರಿಯ ತಾಯಿ ಇವುಗಳ ಜೊತೆಗೆ ಗುಡಿ ಮುಟ್ಟದಿರಲಿ, ಕಟ್ಟೆ ಹತ್ತದಿರಲಿ, ಹೋಟೆಲಿನ ಲೋಟ ಹಿಡಿಯದಿರಲಿ ಎಂದೂ ಕಾಯಬೇಕು. ನಡೆಯಲು ಕಲಿಸುವ ದಿನವೇ ಎಲ್ಲಿ ನಡೆಯಬಾರದು ಎಂದೂ ಕಲಿಸಬೇಕು. ಮುದ್ದಿನ ಮಾತಿನ ನಡುವೆ ಅಂಜಿಕೆಯನ್ನು ತುತ್ತು ಮಾಡಿ ಉಣಿಸಬೇಕು. ಈ ಕಾವಲಿನ ಕೂಲಿ ಎಷ್ಟು? ಇದನ್ನು ಅವಳಿಂದ ಮಾಡಿಸಿಕೊಂಡವರು ಯಾರು? ಊರು ತನ್ನ ಮೈಲಿಗೆಯ ಗಡಿ ಕಾಯುವ ಕೆಲಸವನ್ನೂ ಕೇರಿಯ ತಾಯಿಗೇ ಬಿಟ್ಟಿಯಾಗಿ ಹಚ್ಚಿದೆ.

*

ಕಡೆಯದಾಗಿ ನಮ್ಮವರ ಮಾತು. ಇಟಗಿಯ ಗುಡಿ ಎದ್ದ ಶತಮಾನದಲ್ಲಿಯೇ ಈ ನಾಡಿನಲ್ಲಿ ದುಡಿಯುವ ಹೆಂಗಸರು ಮಾತಾಡಿದ್ದರು. ಕುಷ್ಟಗಿಯ ನೆರೆಯ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮ, ಬೀದಿ ಗುಡಿಸಿದ ಸತ್ಯಕ್ಕ, ಬತ್ತ ಕುಟ್ಟಿದ ಕೊಟ್ಟಣದ ಸೋಮಮ್ಮ, ನೂಲು ತೆಗೆದ ಕದಿರ ರೆಮ್ಮವ್ವೆ. ಹೊಟ್ಟೆಪಾಡಿನ ದುಡಿಮೆಯನ್ನೇ ಕಾಯಕ ಎಂದು ಅವರು ಎತ್ತಿ ಹಿಡಿದರು. ಹೆಚ್ಚಿಗೆ ಅಕ್ಕಿ ತಂದ ಗಂಡನಿಗೆ ಲಕ್ಕಮ್ಮ ಬುದ್ಧಿ ಹೇಳಿ ಮರಳಿ ಸುರಿಸಿದ ಕಥೆಯನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಚಪ್ಪಾಳೆ ತಟ್ಟುತ್ತೇವೆ. ಆದರೆ ಕೂಸು ಆಡಿಸುವುದನ್ನು, ಹೇಲು ಬಳಿಯುವುದನ್ನು, ತುತ್ತು ಮಾಡಿ ಉಣಿಸುವುದನ್ನು ಕಾಯಕ ಎಂದು ನಾವು ಯಾವತ್ತು ಕರೆದೆವು? ಕಾಯಕ ಎಂದು ಕರೆದಿದ್ದರೆ ಅದು ಗಂಡಸಿಗೂ ಸಲ್ಲುತ್ತಿತ್ತು. ಕಾಯಕಕ್ಕೆ ಹೆಣ್ಣು ಗಂಡು ಇಲ್ಲವಲ್ಲ.

ಸಮಾನತೆಯ ಸಭೆಗೆ ಹೊರಟ ಗಂಡಸಿನ ಅಂಗಿ ಒಗೆದವರು ಯಾರು? ಅವನು ಜೈಲಿಗೆ ಹೋದಾಗ ಮಕ್ಕಳನ್ನು ಸಾಕಿದವರು ಯಾರು? ಅವನ ಹೆಸರು ಕರಪತ್ರದಲ್ಲಿ ಬಂತು. ಅವಳು ಸಭೆಗೆ ಬಾರದ್ದಕ್ಕೆ 'ನಮ್ಮ ಹೆಂಗಸರಿಗೆ ಇನ್ನೂ ಜಾಗೃತಿ ಬಂದಿಲ್ಲ' ಎಂದು ಅದೇ ಕರಪತ್ರ ಕೊರಗಿತು. ಜಾಗೃತಿ ಎಲ್ಲಿಂದ ಬರಬೇಕು? ಅವಳು ರಾತ್ರಿಯೆಲ್ಲ ಎಚ್ಚರವೇ ಇದ್ದಾಳೆ. ಗೌಡನ ಮನೆಯ ಬಿಟ್ಟಿಗೆ ಬೆಂಕಿ ಹಚ್ಚುತ್ತೇನೆ ಎನ್ನುವವನು ತನ್ನ ಮನೆಯ ಬಿಟ್ಟಿಯ ಮೇಲೆ ಕೂತು ಉಣ್ಣುವುದಾದರೆ ಅವನ ಬಂಡಾಯಕ್ಕೂ ಗೌಡಕಿಗೂ ಹೊಸ್ತಿಲಿನಷ್ಟೆ ಅಂತರ.

ಕೇಳುವುದು ದೊಡ್ಡದೇನಲ್ಲ. ಊರಿಗೊಂದು ಕೂಸಿನ ಮನೆ, ಹೊಲದ ಹೊತ್ತಿಗೆ ತೆರೆಯುವಂಥದ್ದು. ಅದರಲ್ಲಿ ದುಡಿಯುವವಳಿಗೆ ಗೌರವಧನವಲ್ಲ, ಸಂಬಳ. ಹೊಲದ ಕೂಲಿಯವಳಿಗೂ ಕಚೇರಿಯವಳಷ್ಟೇ ದಿನಗಳ ಬಾಣಂತನ, ಅದರ ಖರ್ಚಿನಲ್ಲಿ ಬೀಜದ ಕಂಪನಿಗೂ ಹೊಲದ ಒಡೆಯನಿಗೂ ಪಾಲು. ಎಂಟು ವರ್ಷದ ಅಕ್ಕನಿಗೆ ಅವಳ ಬಗಲು ಖಾಲಿ ಮಾಡಿ ಪಾಟಿಚೀಲ. ಇವು ಸರಕಾರದಿಂದ ಕೇಳಬೇಕಾದವು, ಕೂಗಿ ಕೇಳಬೇಕಾದವು. ಇನ್ನೊಂದನ್ನು ಸರಕಾರ ಕೊಡಲಾರದು, ಅದಕ್ಕೆ ಮೊಕದ್ದಮೆಯೂ ಬೇಡ, ಮೆರವಣಿಗೆಯೂ ಬೇಡ. ಸಂಜೆ ಹೊಲದಿಂದ ಇಬ್ಬರೂ ಮರಳಿದಾಗ ಕಟ್ಟೆಯ ಕಡೆ ಹೋಗುವ ಕಾಲು ಒಲೆಯ ಕಡೆ ತಿರುಗಬೇಕು. ಅಳುವ ಕೂಸನ್ನು ಮೊದಲು ಎತ್ತಿಕೊಳ್ಳುವ ಕೈ ಯಾವುದೆಂದು ಆ ಕೂಸಿಗೆ ಗೊತ್ತಾಗದಷ್ಟು ಇಬ್ಬರ ಕೈಗೂ ಅದರ ಬಳಕೆ ಆಗಬೇಕು.